ಲ್ಯಾಪ್‌ಟಾಪ್ ಹಿಡಿದು ಇಂಜೆಕ್ಷನ್ ಟ್ಯೂನಿಂಗ್: ಮಾರುತಿ 1.3 ಎಂಜಿನ್‌ಗೆ ಸ್ಪೀಡುಯಿನೊ ಕೂರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಎಸ್ಟೀಮ್ ಮತ್ತು ಜಿಪ್ಸಿಯಲ್ಲಿ ಬರುತ್ತಿದ್ದ 1298 ಸಿಸಿಯ, 16 ವಾಲ್ವ್‌ನ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಒಂದು ಇಂಜೆಕ್ಟರ್ ಇರುವ) ಎಂಜಿನ್ನನ್ನು ರ‍್ಯಾಲಿ ಮತ್ತು ಆಟೊಕ್ರಾಸ್ ಮಂದಿ ಇನ್ನೂ ಬಿಟ್ಟಿಲ್ಲ. ಬಿಡಿಭಾಗ ಸಿಗುತ್ತದೆ, ಕೆಲಸ ಬಲ್ಲ ಮೆಕ್ಯಾನಿಕ್‌ಗಳಿದ್ದಾರೆ, ಎಂಜಿನ್ ಗಟ್ಟಿ. ಆದರೆ ಕ್ಯಾಮ್‌ಶಾಫ್ಟ್ ಬದಲಿಸಿ, ಹೆಡರ್ (ಹೊಗೆ ಸರಾಗವಾಗಿ ಹೊರಹೋಗುವ ಎಕ್ಸಾಸ್ಟ್ ಪೈಪ್‌ಗಳು) ಹಾಕಿ, ಹೆಡ್ ಪೋರ್ಟಿಂಗ್ (ಗಾಳಿಯ ದಾರಿ ಕೊರೆದು ಹಿಗ್ಗಿಸುವುದು) ಮಾಡಿಸಿದ ಮೇಲೆ ಕಂಪನಿಯ ಇಸಿಯು (ಇಂಧನ ಮತ್ತು ಕಿಡಿಯನ್ನು ನಿಯಂತ್ರಿಸುವ ಕಂಪ್ಯೂಟರ್) ಸಾಲುವುದಿಲ್ಲ. ಅದರೊಳಗಿರುವುದು ಹಳೆಯ ಎಂಜಿನ್‌ನ ಲೆಕ್ಕ. ಆಗ ನಮ್ಮದೇ ಲೆಕ್ಕ ಬರೆಯಬಹುದಾದ ಇಸಿಯು ಬೇಕಾಗುತ್ತದೆ.

ಈ ದಾರಿ ತೆರೆದದ್ದು 2001ರಲ್ಲಿ ಅಮೆರಿಕದ ಬ್ರೂಸ್ ಬೌಲಿಂಗ್ ಮತ್ತು ಅಲ್ ಗ್ರಿಪೊ ರೂಪಿಸಿದ ಮೆಗಾಸ್ಕ್ವರ್ಟ್. ಕೈಯಲ್ಲೇ ಬೆಸುಗೆ ಹಾಕಿ ಕಟ್ಟಿಕೊಳ್ಳುವ ಇಸಿಯು ಅದು. ಆರ್ಡುಯಿನೊ ಮೆಗಾ 2560 ಬೋರ್ಡಿನ ಮೇಲೆ ನಡೆಯುವ, ಮುಕ್ತ ತಂತ್ರಾಂಶದ ಸ್ಪೀಡುಯಿನೊ ಆಮೇಲೆ ಬಂತು. ಎರಡಕ್ಕೂ ಲ್ಯಾಪ್‌ಟಾಪಿನಲ್ಲಿ ಬಳಸುವುದು ಟ್ಯೂನರ್‌ಸ್ಟುಡಿಯೊ ಎಂಬ ಒಂದೇ ತಂತ್ರಾಂಶ. ಇಲ್ಲಿ ಸ್ಪೀಡುಯಿನೊ ಹಿಡಿದು ಹೇಳುತ್ತೇನೆ. ಕ್ರಮ ತಿಳಿದರೆ ಬೇರೆ ಯಾವ ಇಸಿಯುವಿನಲ್ಲೂ ಕೆಲಸ ಇದೇ.

ಇದು ಸ್ಪರ್ಧೆಗೆ, ಖಾಸಗಿ ಜಾಗದಲ್ಲಿ ಓಡಿಸುವ ಗಾಡಿಗೆ. ರಸ್ತೆಯ ಗಾಡಿಯಲ್ಲಿ ಮಾರ್ಪಾಡು ಮಾಡುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ, ಹೊಗೆ ತಪಾಸಣೆಯ ನಿಯಮಗಳಿವೆ. ದಿನನಿತ್ಯ ಓಡಾಡುವ ಬಿಎಸ್‌4, ಬಿಎಸ್‌6 ಕಾರಿನ ಇಸಿಯು ಕಿತ್ತು ಇದನ್ನು ಹಾಕುವುದಕ್ಕೆ ನಾನು ಯಾರಿಗೂ ಹೇಳುವುದಿಲ್ಲ.

ಇಸಿಯು ಹಾಕುವ ಲೆಕ್ಕ

ಸ್ಪೀಡ್ ಡೆನ್ಸಿಟಿ ಪದ್ಧತಿಯಲ್ಲಿ ಇಸಿಯು ಗಾಳಿಯನ್ನು ತೂಗುವುದಿಲ್ಲ, ಅಂದಾಜು ಮಾಡುತ್ತದೆ. ಮ್ಯಾನಿಫೋಲ್ಡ್‌ನ ಒತ್ತಡ, ಒಳಬರುವ ಗಾಳಿಯ ಉಷ್ಣತೆ ಮತ್ತು ಆರ್‌ಪಿಎಂ ನೋಡಿ ಒಂದು ಸಿಲಿಂಡರ್‌ಗೆ ಎಷ್ಟು ಗಾಳಿ ಹೋಗಿರಬೇಕೆಂದು ಲೆಕ್ಕ ಹಾಕಿ, ಅದಕ್ಕೆ ತಕ್ಕಷ್ಟು ಹೊತ್ತು ಇಂಜೆಕ್ಟರ್ ತೆರೆಯುತ್ತದೆ. ಸಿಲಿಂಡರ್ ಎಲ್ಲ ವೇಗದಲ್ಲೂ ಒಂದೇ ಥರ ತುಂಬುವುದಿಲ್ಲವಲ್ಲ, ಅದಕ್ಕಾಗಿ ವಿಇ (ವಾಲ್ಯುಮೆಟ್ರಿಕ್ ಎಫಿಶಿಯೆನ್ಸಿ) ಟೇಬಲ್ ಇದೆ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಒತ್ತಡ, 16ಕ್ಕೆ 16 ಮನೆ. ಪ್ರತಿ ಮನೆಯಲ್ಲಿ ಸಿಲಿಂಡರ್ ಶೇಕಡಾ ಎಷ್ಟು ತುಂಬುತ್ತದೆ ಎಂಬ ಸಂಖ್ಯೆ.

ಆ ಟೇಬಲ್‌ನಲ್ಲಿ ಇರಬೇಕಾದ್ದು ಎಂಜಿನ್ ಉಸಿರೆಳೆಯುವ ಅಳತೆ ಮಾತ್ರ. ಉಷ್ಣತೆಯ ಸೆನ್ಸರ್ ತಪ್ಪು ತೋರಿಸಿದರೂ, ಇಂಜೆಕ್ಟರ್‌ನ ಹರಿವು ತಪ್ಪಾಗಿ ತುಂಬಿದ್ದರೂ, ಪೆಟ್ರೋಲಿನ ಒತ್ತಡ ಕಡಿಮೆಯಿದ್ದರೂ, ಈ ಟೇಬಲ್‌ನ ಸಂಖ್ಯೆ ಹಿಗ್ಗಿಸಿ ಕುಗ್ಗಿಸಿ ಎಲ್ಲವನ್ನೂ ಮುಚ್ಚಿಬಿಡಬಹುದು. ಗಾಡಿ ಚೆನ್ನಾಗಿಯೇ ಓಡುತ್ತದೆ, ಅದೇ ಊರಿನಲ್ಲಿ, ಅದೇ ಹವೆಯಲ್ಲಿ. ಘಟ್ಟ ಇಳಿದ ದಿನ ಅಥವಾ ಡಿಸೆಂಬರ್ ಬೆಳಗ್ಗೆ ಕೈಕೊಡುತ್ತದೆ. ಹಾಗಾಗಿ ಟ್ಯೂನಿಂಗ್‌ನ ಅರ್ಧ ಕೆಲಸ ಎಂಜಿನ್ ಸ್ಟಾರ್ಟ್ ಮಾಡುವುದಕ್ಕೆ ಮುಂಚೆಯೇ ಮುಗಿಯಬೇಕು.

ಬೇಕಾದ ಸಾಮಾನು

ಬ್ಯಾಟರಿ ಚೆನ್ನಾಗಿರುವ ಹಳೆಯ ಲ್ಯಾಪ್‌ಟಾಪ್ ಸಾಕು. ಗಟ್ಟಿಯಾದ, ಗಿಡ್ಡ ಯುಎಸ್‌ಬಿ ಕೇಬಲ್, ಮಲ್ಟಿಮೀಟರ್, ಟೈಮಿಂಗ್ ಲೈಟ್, ಫ್ಯೂಯಲ್ ಪ್ರೆಶರ್ ಗೇಜ್, ಕೈಗೆಟಕುವಲ್ಲಿ ಬೆಂಕಿ ನಂದಿಸುವ ಸಿಲಿಂಡರ್. ಇವೆಲ್ಲಕ್ಕಿಂತ ಮುಖ್ಯವಾದದ್ದು ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್. ಬಾಷ್‌ನ ಎಲ್‌ಎಸ್‌ಯು 4.9 ಮತ್ತು ಅದಕ್ಕೊಂದು ಕಂಟ್ರೋಲರ್ ತೆಗೆದುಕೊಳ್ಳಿ. ಗಾಡಿಯಲ್ಲಿ ಮೊದಲೇ ಇರುವ ನ್ಯಾರೋಬ್ಯಾಂಡ್ ಸೆನ್ಸರ್ ಮಿಶ್ರಣ ರಿಚ್ಚೋ (ಪೆಟ್ರೋಲ್ ಹೆಚ್ಚು) ಲೀನೋ (ಪೆಟ್ರೋಲ್ ಕಡಿಮೆ) ಎಂದಷ್ಟೇ ಹೇಳುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ವೈಡ್‌ಬ್ಯಾಂಡ್‌ಗೆ ದುಡ್ಡಿಲ್ಲವಾದರೆ ದುಡ್ಡು ಕೂಡುವ ತನಕ ಕಾಯಿರಿ. ಕಿವಿಯಿಂದ, ಪ್ಲಗ್‌ನ ಬಣ್ಣದಿಂದ ಇಂಜೆಕ್ಷನ್ ಟ್ಯೂನ್ ಮಾಡುತ್ತೇನೆನ್ನುವವರ ಕೈಗೆ ಎಂಜಿನ್ ಕೊಡಬೇಡಿ.

ಈ ಸೆನ್ಸರನ್ನು ಹೆಡರ್‌ನ ನಾಲ್ಕೂ ಪೈಪ್ ಕೂಡುವ ಜಾಗದ ನಂತರ, ತುದಿ ಕೆಳಮುಖವಾಗಿರುವಂತೆ, ಅಡ್ಡಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿ ಕೂರಿಸಬೇಕು. ಇಲ್ಲವಾದರೆ ಪೈಪ್‌ನಲ್ಲಿ ಕೂಡುವ ನೀರು ಬಿಸಿ ಸೆರಾಮಿಕ್ ಮೇಲೆ ಬಿದ್ದು ಸೆನ್ಸರ್ ಸೀಳುತ್ತದೆ. ಕರೆಂಟ್ ಕೊಡದೆ ಎಕ್ಸಾಸ್ಟ್‌ನಲ್ಲಿ ಬಿಟ್ಟು ಗಾಡಿ ಓಡಿಸಿದರೂ ಅದು ಕೆಡುತ್ತದೆ. ಎಂಜಿನ್‌ಗೂ ಸೆನ್ಸರ್‌ಗೂ ನಡುವೆ ಎಲ್ಲಾದರೂ ಎಕ್ಸಾಸ್ಟ್ ಲೀಕ್ ಇದ್ದರೆ ಹೊರಗಿನ ಗಾಳಿ ಒಳಸೇರಿ ಲೀನ್ ಎಂದು ಸುಳ್ಳು ಓದುತ್ತದೆ.

ಹೆಜ್ಜೆ 1: ಸೆನ್ಸರ್‌ಗಳ ಮಾತು ನಿಜವೇ?

ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ, ಲ್ಯಾಪ್‌ಟಾಪ್ ಜೋಡಿಸಿ. ಮೊದಲು ನೋಡಬೇಕಾದ್ದು ಮ್ಯಾನಿಫೋಲ್ಡ್‌ನ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್‌ನ ಸಂಖ್ಯೆ. ಎಂಜಿನ್ ನಿಂತಿರುವಾಗ ಅದು ನಿಮ್ಮೂರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಮಂಗಳೂರಿನಲ್ಲಿ 101 ಕಿಲೋಪ್ಯಾಸ್ಕಲ್, ಬೆಂಗಳೂರಿನಲ್ಲಿ ಹೆಚ್ಚುಕಡಿಮೆ 91, ಮಡಿಕೇರಿಯಲ್ಲಿ 88. ಹವಾಮಾನದ ಆ್ಯಪ್‌ಗಳು ತೋರಿಸುವ ಸಂಖ್ಯೆ ಸಮುದ್ರಮಟ್ಟಕ್ಕೆ ಹೊಂದಿಸಿದ್ದು. ಅದನ್ನು ನಂಬಿ ಬೆಂಗಳೂರಿನಲ್ಲಿ 101 ಬರುವ ಹಾಗೆ ಕ್ಯಾಲಿಬ್ರೇಟ್ ಮಾಡಿದರೆ ಅಲ್ಲೇ ಶೇ 11ರಷ್ಟು ತಪ್ಪು ಕೂತುಬಿಡುತ್ತದೆ.

ಆಮೇಲೆ ಉಷ್ಣತೆಯ ಎರಡು ಸೆನ್ಸರ್. ರಾತ್ರಿಯಿಡೀ ನಿಂತಿದ್ದ ಗಾಡಿಯಲ್ಲಿ ಬೆಳಗ್ಗೆ ಕೂಲಂಟ್ ಮತ್ತು ಗಾಳಿ ಎರಡರ ಉಷ್ಣತೆಯೂ ಒಂದೇ ಇರಬೇಕು, ಹೊರಗಿನ ಥರ್ಮಾಮೀಟರ್‌ಗೂ ತಾಳೆಯಾಗಬೇಕು. ಆಗದಿದ್ದರೆ ಸೆನ್ಸರ್ ಬಿಚ್ಚಿ, ಐಸ್ ಕರಗುತ್ತಿರುವ ನೀರಿನಲ್ಲಿ, ಕೋಣೆಯ ಉಷ್ಣತೆಯ ನೀರಿನಲ್ಲಿ, ಕುದಿಯುವ ನೀರಿನಲ್ಲಿ ಅದ್ದಿ ಮೂರು ಕಡೆ ಪ್ರತಿರೋಧ ಅಳೆದು ಟ್ಯೂನರ್‌ಸ್ಟುಡಿಯೊದ ಥರ್ಮಿಸ್ಟರ್ ಕ್ಯಾಲಿಬ್ರೇಷನ್‌ನಲ್ಲಿ ತುಂಬಿ. ಸಾಮಾನ್ಯ ಸೆನ್ಸರ್ 20 ಡಿಗ್ರಿಯಲ್ಲಿ ಎರಡರಿಂದ ಎರಡೂವರೆ ಕಿಲೋ ಓಮ್, 80 ಡಿಗ್ರಿಯಲ್ಲಿ 300 ಓಮ್ ಆಸುಪಾಸು. ಬೆಂಗಳೂರಿನಲ್ಲಿ ನೀರು ಕುದಿಯುವುದು ಸುಮಾರು 97 ಡಿಗ್ರಿಗೆ, 100ಕ್ಕಲ್ಲ. ಅಲ್ಲಿ ತುಂಬುವ ಬಯಾಸ್ ರೆಸಿಸ್ಟರ್‌ನ (ಸೆನ್ಸರ್ ಜೊತೆ ಕೂಡಿಸಿರುವ ರೆಸಿಸ್ಟರ್) ಮೌಲ್ಯ ಬೋರ್ಡಿನಲ್ಲಿರುವುದಕ್ಕೆ ಹೊಂದಬೇಕು; ಸ್ಪೀಡುಯಿನೊದಲ್ಲಿ ಅದು 2490 ಓಮ್.

ಥ್ರಾಟಲ್ ಸೆನ್ಸರ್‌ಗೆ ಎಕ್ಸಲರೇಟರ್ ಪೂರ್ತಿ ಬಿಟ್ಟು ಒಮ್ಮೆ, ಪೂರ್ತಿ ಒತ್ತಿ ಒಮ್ಮೆ ಮೌಲ್ಯ ಹಿಡಿಯಿರಿ. ಪೆಡಲ್ ಒತ್ತಿಯೇ ಹಿಡಿಯಬೇಕು. ಥ್ರಾಟಲ್ ಬಾಡಿಯನ್ನು ಕೈಯಿಂದ ತಿರುಗಿಸಿದರೆ ಕೇಬಲ್ ಸಡಿಲವಿರುವುದು ಗೊತ್ತಾಗುವುದಿಲ್ಲ.

ಕೊನೆಗೆ ವೈಡ್‌ಬ್ಯಾಂಡ್. ಅದರ ಮೀಟರ್‌ನಲ್ಲಿ ಕಾಣುವ ಸಂಖ್ಯೆ ಮತ್ತು ಲ್ಯಾಪ್‌ಟಾಪಿನಲ್ಲಿ ಕಾಣುವ ಸಂಖ್ಯೆ ಒಂದೇ ಆಗಿರಬೇಕು. ವ್ಯತ್ಯಾಸವಿದ್ದರೆ ಬಹುತೇಕ ಅರ್ಥಿಂಗ್‌ನ ಸಮಸ್ಯೆ. ಕಂಟ್ರೋಲರ್‌ನ ಸಿಗ್ನಲ್ ಗ್ರೌಂಡ್ ತಂದು ಇಸಿಯುವಿನ ಸೆನ್ಸರ್ ಗ್ರೌಂಡ್‌ಗೇ ಕೂಡಿಸಿ. ಬಾಡಿಗೆ ಎಲ್ಲೋ ಒಂದು ಬೋಲ್ಟ್‌ಗೆ ಕಟ್ಟಬೇಡಿ.

ಹೆಜ್ಜೆ 2: ಕಿಡಿ ಹೇಳಿದ ಜಾಗದಲ್ಲೇ ಬೀಳುತ್ತಿದೆಯೇ?

ಎಂಜಿನ್ ಯಾವ ಕೋನದಲ್ಲಿದೆ ಎಂದು ತೋರಿಸುವ ಹಲ್ಲುಚಕ್ರ ಯಾವುದು, ಎಷ್ಟು ಹಲ್ಲು, ಎಷ್ಟು ಕಾಣೆ, ಮೊದಲ ಹಲ್ಲಿನಿಂದ ಟಾಪ್ ಡೆಡ್ ಸೆಂಟರ್‌ಗೆ (ಪಿಸ್ಟನ್ ತೀರಾ ಮೇಲಿರುವ ಜಾಗ) ಎಷ್ಟು ಡಿಗ್ರಿ ಎಂದು ಇಸಿಯುವಿಗೆ ಹೇಳಬೇಕು. 36ರಲ್ಲಿ ಒಂದು ಕಾಣೆಯಾದ ಚಕ್ರವನ್ನು ಕ್ರ್ಯಾಂಕ್ ಪುಲ್ಲಿಗೆ ಕೂರಿಸಿಕೊಂಡರೆ ಕೆಲಸ ಸಲೀಸು.

ಇಲ್ಲೊಂದು ಎಚ್ಚರಿಕೆ. ಸ್ಪೀಡುಯಿನೊದ ಕಿಡಿಯ ಔಟ್‌ಪುಟ್ ಬರೀ ಸಿಗ್ನಲ್, ಇಗ್ನೈಟರ್ (ಕಾಯಿಲ್‌ಗೆ ಕರೆಂಟ್ ಹಾಯಿಸಿ ಕಡಿಯುವ ಸ್ವಿಚ್) ಇಲ್ಲದ ಕಾಯಿಲ್‌ಗೆ ಅದನ್ನು ನೇರವಾಗಿ ಜೋಡಿಸುವಂತಿಲ್ಲ. ಸಿಗ್ನಲ್ ಕೆಳಗಿಳಿದಾಗ ಕಿಡಿಯೋ, ಮೇಲೇರಿದಾಗ ಕಿಡಿಯೋ ಎಂಬ ಆಯ್ಕೆಯಿದೆ. ಸಾಮಾನ್ಯವಾಗಿ ಬೇಕಾಗುವುದು ಕೆಳಗಿಳಿದಾಗ. ತಿರುಗುಮುರುಗಾದರೆ ಕಾಯಿಲ್‌ನಲ್ಲಿ ಕರೆಂಟ್ ಹರಿಯುತ್ತಲೇ ಇದ್ದು ಕಾದು ಸುಡುತ್ತದೆ. ಈ ಆಯ್ಕೆ ನೋಡಿಕೊಂಡೇ ಕಾಯಿಲ್‌ನ ಪ್ಲಗ್ ಸಿಕ್ಕಿಸಿ.

ಇಂಜೆಕ್ಟರ್‌ಗಳ ಕನೆಕ್ಟರ್ ಬಿಚ್ಚಿ ಸ್ಟಾರ್ಟರ್ ತಿರುಗಿಸಿ. ಪರದೆಯಲ್ಲಿ ಆರ್‌ಪಿಎಂ 200ರಿಂದ 300ರ ನಡುವೆ ಸ್ಥಿರವಾಗಿ ಕಾಣಬೇಕು. ಸೊನ್ನೆಗೂ ಸಾವಿರಕ್ಕೂ ಹಾರಾಡುತ್ತಿದ್ದರೆ ಹಲ್ಲುಗಳ ಸಿಗ್ನಲ್ ದಾಖಲಿಸುವ ಟೂತ್ ಲಾಗರ್ ತೆರೆದು ನೋಡಿ. ಹಲ್ಲಿಗೂ ಸೆನ್ಸರಿಗೂ ನಡುವಿನ ಅಂತರ ಅಥವಾ ಶೀಲ್ಡ್ ಇಲ್ಲದ ವೈರ್ ಕಾರಣವಿರುತ್ತದೆ. ಆರ್‌ಪಿಎಂ ಸ್ಥಿರವಾದ ಮೇಲೆ ಟೈಮಿಂಗನ್ನು (ಪಿಸ್ಟನ್ ಮೇಲಿನ ತುದಿ ಮುಟ್ಟಲು ಎಷ್ಟು ಡಿಗ್ರಿ ಮೊದಲು ಕಿಡಿ ಎಂಬುದನ್ನು) 10 ಡಿಗ್ರಿಗೆ ಕಟ್ಟಿಹಾಕುವ ಆಯ್ಕೆ ಹಾಕಿ, ಟೈಮಿಂಗ್ ಲೈಟ್ ಹಿಡಿದು, ಪುಲ್ಲಿಯ ಗುರುತು 10ರಲ್ಲೇ ನಿಲ್ಲುವ ತನಕ ಟ್ರಿಗರ್ ಕೋನ ತಿದ್ದಿ. ಎಂಜಿನ್ ಓಡಲು ಶುರುವಾದ ಮೇಲೆ ಇದನ್ನು 3000 ಆರ್‌ಪಿಎಂನಲ್ಲಿ ಮತ್ತೊಮ್ಮೆ ನೋಡಬೇಕು. ಲ್ಯಾಪ್‌ಟಾಪ್ 20 ಎನ್ನುವಾಗ ಎಂಜಿನ್‌ನಲ್ಲಿ ನಿಜಕ್ಕೂ 28 ಇದ್ದರೆ ಪಿಸ್ಟನ್ ಉಳಿಯುವುದಿಲ್ಲ.

ಹೆಜ್ಜೆ 3: ಇಂಧನದ ಮೂಲಸಂಖ್ಯೆ

ಸಿಲಿಂಡರ್ ಪೂರ್ತಿ ತುಂಬಿದರೆ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಎಂಬುದೇ ಈ ಸಂಖ್ಯೆ. ತಂತ್ರಾಂಶವೇ ಲೆಕ್ಕ ಹಾಕಿಕೊಡುತ್ತದೆ, ಆದರೂ ಒಮ್ಮೆ ಕಾಗದದ ಮೇಲೆ ಹಾಕಿ ನೋಡಿ. 1298 ಸಿಸಿಯನ್ನು ನಾಲ್ಕರಿಂದ ಭಾಗಿಸಿದರೆ ಸಿಲಿಂಡರ್‌ಗೆ 324.5 ಸಿಸಿ. ಲೀಟರ್‌ಗೆ 1.2 ಗ್ರಾಂನಂತೆ 0.389 ಗ್ರಾಂ ಗಾಳಿ. ಎಥನಾಲ್ ಇಲ್ಲದ ಪೆಟ್ರೋಲಿಗೆ 14.7ರ ಅನುಪಾತದಲ್ಲಿ 0.0265 ಗ್ರಾಂ, ಅಂದರೆ 0.0355 ಸಿಸಿ ಇಂಧನ. ಇಂಜೆಕ್ಟರ್ ನಿಮಿಷಕ್ಕೆ 200 ಸಿಸಿ ಹರಿಸುವುದಾದರೆ 10.7 ಮಿಲಿಸೆಕೆಂಡ್.

ನಮ್ಮ ಬಂಕ್‌ಗಳಲ್ಲಿ ಈಗ ಸಿಗುವುದು ಇ20. ಶೇ 20 ಎಥನಾಲ್ ಬೆರೆತಾಗ ಸರಿಯಾದ ಅನುಪಾತ 14.7 ಅಲ್ಲ, ಸುಮಾರು 13.5. ಅದೇ ಸಿಲಿಂಡರ್‌ಗೆ 11.5 ಮಿಲಿಸೆಕೆಂಡ್ ಬೇಕು. ಇಷ್ಟು ದೊಡ್ಡ ವ್ಯತ್ಯಾಸವನ್ನು ವಿಇ ಟೇಬಲ್‌ನ ಮೇಲೆ ಹೊರಿಸಬಾರದು, ಇಲ್ಲೇ ತುಂಬಬೇಕು. ಇನ್ನೂ ಒಂದು ಮಾತು: ಪರದೆಯ ಎಲ್ಲ ಮೀಟರ್‌ಗಳನ್ನೂ ಎಎಫ್‌ಆರ್‌ನಿಂದ (ಗಾಳಿ-ಇಂಧನದ ಅನುಪಾತ) ಲ್ಯಾಂಬ್ಡಾಗೆ (ಆ ಅನುಪಾತವನ್ನು ಸರಿಯಾದ ಅನುಪಾತದಿಂದ ಭಾಗಿಸಿದ್ದು) ಬದಲಿಸಿಕೊಳ್ಳಿ. ಲ್ಯಾಂಬ್ಡಾ 1 ಎಂದರೆ ಯಾವ ಇಂಧನವಾದರೂ ಸರಿಸಮ, ಕಡಿಮೆಯಾದರೆ ರಿಚ್, ಹೆಚ್ಚಾದರೆ ಲೀನ್. ವಿದೇಶದ ವೀಡಿಯೊ ನೋಡಿ 12.5 ಎಎಫ್‌ಆರ್ ಗುರಿ ಇಟ್ಟುಕೊಂಡವರ ಗೊಂದಲವೆಲ್ಲ ಇದರಿಂದ ತಪ್ಪುತ್ತದೆ.

ಇಂಜೆಕ್ಟರ್ ಸಾಕಾಗುತ್ತದೆಯೇ ಎಂದೂ ಇಲ್ಲೇ ಗೊತ್ತಾಗುತ್ತದೆ. 6500 ಆರ್‌ಪಿಎಂನಲ್ಲಿ ಒಂದು ಪೂರ್ತಿ ಆವರ್ತನಕ್ಕೆ ಸಿಗುವ ಸಮಯ 18.5 ಮಿಲಿಸೆಕೆಂಡ್. ಶೇ 90 ತುಂಬುವಿಕೆ, ಲ್ಯಾಂಬ್ಡಾ 0.86 ಎಂದುಕೊಂಡರೆ 12 ಮಿಲಿಸೆಕೆಂಡ್, ಜೊತೆಗೆ ಡೆಡ್ ಟೈಮ್ (ಏನೆಂದು ಮುಂದೆ ಹೇಳುತ್ತೇನೆ) ಒಂದು. ಸಿಗುವ ಸಮಯದ ಶೇ 70ರ ಹತ್ತಿರ. 85 ದಾಟಿದರೆ ದೊಡ್ಡ ಇಂಜೆಕ್ಟರ್ ನೋಡಬೇಕು.

ಡೆಡ್ ಟೈಮ್ ಎಂದರೆ ಕರೆಂಟ್ ಬಂದ ಮೇಲೆ ಇಂಜೆಕ್ಟರ್ ತೆರೆಯಲು ಹಿಡಿಯುವ ಸಮಯ. 14 ವೋಲ್ಟ್‌ನಲ್ಲಿ ಸುಮಾರು 1 ಮಿಲಿಸೆಕೆಂಡ್, ವೋಲ್ಟೇಜ್ ಇಳಿದಂತೆ ಹೆಚ್ಚು. ಇದು ತಪ್ಪಿದ್ದರೆ ಕಾಣುವುದು ಐಡಲಿಂಗ್‌ನಲ್ಲಿ. ಹೆಡ್‌ಲೈಟ್, ಫ್ಯಾನ್ ಎಲ್ಲ ಹಾಕಿದಾಗ ಲ್ಯಾಂಬ್ಡಾ ಸರಿದರೆ ವೋಲ್ಟೇಜ್ ತಿದ್ದುಪಡಿಯ ಗೆರೆ ಸರಿಯಿಲ್ಲವೆಂದೇ ಅರ್ಥ. ಪೆಟ್ರೋಲ್ ಒತ್ತಡವನ್ನೂ ಗೇಜ್ ಹಾಕಿ ನೋಡಿ, 3 ಬಾರ್ ಆಸುಪಾಸು ಇರಬೇಕು. ಪಂಪ್ ಓಡಿಸಿ ಹತ್ತು ನಿಮಿಷ ಪ್ರತಿ ಜೋಡಣೆಯನ್ನೂ ಒಣ ಬೆರಳಿನಿಂದ ಮುಟ್ಟಿ ನೋಡದೆ ಸ್ಟಾರ್ಟ್ ಮಾಡಬೇಡಿ.

ಹೆಜ್ಜೆ 4: ಮೊದಲ ಸ್ಟಾರ್ಟ್

ಇದರಲ್ಲಿ ಹೇಳುವುದು ಹೆಚ್ಚಿಲ್ಲ. ಮೇಲಿನದೆಲ್ಲ ಸರಿಯಿದ್ದರೆ ಎಂಜಿನ್ ಹೊತ್ತಿಕೊಳ್ಳುತ್ತದೆ. ವಿಇ ಟೇಬಲ್‌ನಲ್ಲಿ ಐಡಲಿಂಗ್ ಜಾಗಕ್ಕೆ 40, ಪೂರ್ತಿ ಲೋಡಿಗೆ 80ರಂತೆ ಇಳಿಜಾರಾಗಿ ತುಂಬಿಟ್ಟಿರಿ. ಪೆಟ್ರೋಲ್ ಹೆಚ್ಚಾಗಿ ಪ್ಲಗ್ ಒದ್ದೆಯಾದರೆ ಎಕ್ಸಲರೇಟರ್ ಪೂರ್ತಿ ಒತ್ತಿ ಸ್ಟಾರ್ಟರ್ ತಿರುಗಿಸಿ, ಆಗ ಇಸಿಯು ಇಂಧನ ನಿಲ್ಲಿಸುತ್ತದೆ. ಓಡಲು ಶುರುವಾದ ಕೂಡಲೇ ಆಯಿಲ್ ಒತ್ತಡ, ಆಮೇಲೆ ಕೂಲಂಟ್, ಆಮೇಲೆ ಲ್ಯಾಂಬ್ಡಾ ನೋಡಿ. ಎಂಜಿನ್ ಪೂರ್ತಿ ಬಿಸಿಯಾಗುವ ತನಕ ವಿಇ ಟೇಬಲ್ ಮುಟ್ಟಬೇಡಿ. ತಣ್ಣಗಿನ ಎಂಜಿನ್‌ಗೆ ಬೇಕಾದ ಹೆಚ್ಚುವರಿ ಇಂಧನಕ್ಕೆ ವಾರ್ಮಪ್ ಗೆರೆ ಬೇರೆಯೇ ಇದೆ. ಅದನ್ನು ಹೊಂದಿಸಲು ದಿನಕ್ಕೊಂದೇ ಅವಕಾಶ, ಬೆಳಗಿನ ಮೊದಲ ಸ್ಟಾರ್ಟ್. ಬಿಸಿ ಎಂಜಿನ್‌ನ ವಿಇ ಮುಗಿದ ಮೇಲಷ್ಟೇ ಅದಕ್ಕೆ ಕೈ ಹಾಕಬೇಕು.

ಹೆಜ್ಜೆ 5: ವಿಇ ಟೇಬಲ್

ಮೊದಲು ಲ್ಯಾಂಬ್ಡಾ ನೋಡಿ ಇಂಧನ ತಾನಾಗಿ ತಿದ್ದುವ ಕ್ಲೋಸ್ಡ್ ಲೂಪ್ ಮತ್ತು ಪೆಡಲ್ ಒಮ್ಮೆಲೇ ಒತ್ತಿದಾಗ ಹೆಚ್ಚು ಇಂಧನ ಕೊಡುವ ಎಕ್ಸಲರೇಷನ್ ಎನ್‌ರಿಚ್‌ಮೆಂಟ್ ಎರಡನ್ನೂ ಆಫ್ ಮಾಡಿ. ಅವು ಓಡುತ್ತಿದ್ದರೆ ಟೇಬಲ್‌ನ ತಪ್ಪು ಯಾವುದು, ಅವುಗಳ ತಿದ್ದುಪಡಿ ಯಾವುದು ಎಂದು ಬೇರ್ಪಡಿಸಲಾಗುವುದಿಲ್ಲ. ಗುರಿಯ ಟೇಬಲ್ ತುಂಬಿ: ಐಡಲಿಂಗ್ ಮತ್ತು ನಿಧಾನದ ಓಟಕ್ಕೆ ಲ್ಯಾಂಬ್ಡಾ 1ರ ಹತ್ತಿರ, ಪೂರ್ತಿ ಲೋಡಿಗೆ 0.85ರಿಂದ 0.88, ನಡುವೆ ಸರಾಗವಾಗಿ ಇಳಿಯುವಂತೆ.

ಸೂತ್ರ ಸರಳ. ಮನೆಯಲ್ಲಿರುವ ವಿಇಯನ್ನು ಅಳೆದ ಲ್ಯಾಂಬ್ಡಾದಿಂದ ಗುಣಿಸಿ ಗುರಿಯ ಲ್ಯಾಂಬ್ಡಾದಿಂದ ಭಾಗಿಸಿ. ವಿಇ 62, ಗುರಿ 0.88, ಬಂದದ್ದು 0.94 ಆದರೆ ಹೊಸ ಸಂಖ್ಯೆ 66. ಕಷ್ಟವಿರುವುದು ಸೂತ್ರದಲ್ಲಲ್ಲ, ಎಂಜಿನ್ನನ್ನು ಆ ಮನೆಯಲ್ಲಿ ನಿಲ್ಲಿಸುವುದರಲ್ಲಿ. ಹೊಗೆ ಸೆನ್ಸರ್ ತಲುಪಲು ಸಮಯ ಹಿಡಿಯುತ್ತದೆ, ಐಡಲಿಂಗ್‌ನಲ್ಲಂತೂ ಎದ್ದು ಕಾಣುವಷ್ಟು. ಆರ್‌ಪಿಎಂ ಏರುತ್ತಿರುವಾಗ ಈ ಕ್ಷಣ ಕಾಣುವ ಲ್ಯಾಂಬ್ಡಾ ಹಿಂದಿನ ಮನೆಯದ್ದು. ಡೈನೊ (ಗಾಡಿಯನ್ನು ನಿಂತಲ್ಲೇ ಓಡಿಸಿ, ಲೋಡ್ ಕೊಟ್ಟು ಶಕ್ತಿ ಅಳೆಯುವ ಯಂತ್ರ) ಇದ್ದರೆ 3000 ಆರ್‌ಪಿಎಂಗೆ ಹಿಡಿದಿಟ್ಟು ಥ್ರಾಟಲ್ ಮಾತ್ರ ಹೆಚ್ಚಿಸುತ್ತ ಕೆಳಗಿನಿಂದ ಮೇಲಕ್ಕೆ ಒಂದೊಂದು ಮನೆ ಮುಗಿಸಬಹುದು. ಡೈನೊ ಇಲ್ಲದಿದ್ದರೆ ಖಾಲಿ ಏರ್‌ಸ್ಟ್ರಿಪ್ ಅಥವಾ ಟ್ರ್ಯಾಕ್‌ನಲ್ಲಿ ಮೂರನೇ ಗೇರ್ ಹಾಕಿ, ಎಡಗಾಲಿನಿಂದ ಬ್ರೇಕ್ ಮೆಲ್ಲಗೆ ಒತ್ತಿ ವೇಗ ಹಿಡಿದಿಡಿ. ಬ್ರೇಕ್ ಕಾಯುತ್ತದೆ, ನಡುನಡುವೆ ಬಿಡುವು ಕೊಡಿ. ಓಡಿಸುವವರು ಒಬ್ಬರು, ಲ್ಯಾಪ್‌ಟಾಪ್ ನೋಡುವವರು ಇನ್ನೊಬ್ಬರು. ಈ ನಿಯಮದಲ್ಲಿ ರಿಯಾಯಿತಿ ಇಲ್ಲ.

ಟ್ಯೂನರ್‌ಸ್ಟುಡಿಯೊದ ದುಡ್ಡು ಕೊಟ್ಟ ಆವೃತ್ತಿಯಲ್ಲಿ ಓಡುತ್ತಿದ್ದಂತೆಯೇ ಟೇಬಲ್ ತಿದ್ದುವ ಆಟೊಟ್ಯೂನ್ ಇದೆ. ಒಳ್ಳೆಯ ಸಾಧನ, ನಾನು ಬಳಸುತ್ತೇನೆ. ಆದರೆ ಕೂಲಂಟ್ 70 ಡಿಗ್ರಿ ದಾಟದೆ ಕಲಿಯಬೇಡ, ಥ್ರಾಟಲ್ ಅಲುಗುವಾಗ ಕಲಿಯಬೇಡ ಎಂಬ ಫಿಲ್ಟರ್‌ಗಳನ್ನು ಹಾಕಿಯೇ ಓಡಿಸಿ. ಮುಗಿದ ಮೇಲೆ ಮೂರು ಆಯಾಮದ ಚಿತ್ರ ತೆರೆಯಿರಿ. ಎಂಜಿನ್‌ನ ಉಸಿರಾಟ ಮನೆಯಿಂದ ಮನೆಗೆ ಗುಡ್ಡ ಹಳ್ಳದಂತೆ ಬದಲಾಗುವುದಿಲ್ಲ. ಎಲ್ಲಾದರೂ ಒಂದು ಮನೆ ಮಾತ್ರ ಚೂಪಾಗಿ ಎದ್ದಿದ್ದರೆ ಅದು ಮಿಸ್‌ಫೈರ್ ಇರಬಹುದು. ಉರಿಯದೆ ಹೋದ ಮಿಶ್ರಣದ ಆಮ್ಲಜನಕ ಕಂಡು ಸೆನ್ಸರ್ ಲೀನ್ ಎನ್ನುತ್ತದೆ, ಆಟೊಟ್ಯೂನ್ ಇನ್ನಷ್ಟು ಪೆಟ್ರೋಲ್ ಸುರಿಯುತ್ತದೆ, ಮಿಸ್‌ಫೈರ್ ಇನ್ನೂ ಹೆಚ್ಚುತ್ತದೆ.

ಬೆಂಗಳೂರಿನಲ್ಲಿ ಟ್ಯೂನ್ ಮಾಡುವವರು ಮರೆಯುವುದು ಮೇಲಿನ ಸಾಲುಗಳನ್ನು. ಇಲ್ಲಿ ಎಕ್ಸಲರೇಟರ್ ನೆಲಕ್ಕೆ ಒತ್ತಿದರೂ ಮ್ಯಾನಿಫೋಲ್ಡ್ ಒತ್ತಡ 90 ದಾಟುವುದಿಲ್ಲ. 95, 100ರ ಸಾಲುಗಳು ಮೊದಲ ದಿನ ಅಂದಾಜಿಗೆ ತುಂಬಿದ ಸಂಖ್ಯೆಯಲ್ಲೇ ಉಳಿದಿರುತ್ತವೆ. ಶಿರಾಡಿ ಘಾಟ್ ಇಳಿದು ಕರಾವಳಿಯಲ್ಲಿ ಪೂರ್ತಿ ಒತ್ತಿದಾಗ ಎಂಜಿನ್ ಹೋಗಿ ನಿಲ್ಲುವುದು ಅದೇ ಸಾಲುಗಳಲ್ಲಿ, ಎಲ್ಲಕ್ಕಿಂತ ಹೆಚ್ಚಿನ ಲೋಡಿನಲ್ಲಿ. ಆದ್ದರಿಂದ 90ರ ಸಾಲು ಮುಗಿದ ಕೂಡಲೇ ಅದನ್ನು ಮೇಲಿನ ಸಾಲುಗಳಿಗೆ ನಕಲು ಮಾಡಿ, ಒಂದೆರಡು ಅಂಕ ಹೆಚ್ಚಿಸಿ, ಅಲ್ಲಿನ ಟೈಮಿಂಗನ್ನು ಒಂದೆರಡು ಡಿಗ್ರಿ ತಗ್ಗಿಸಿಡಿ. ವಿಇಯನ್ನು ಒತ್ತಡದಿಂದ ಗುಣಿಸುವ ಆಯ್ಕೆ ಆನ್ ಇದ್ದರೆ ಮಾತ್ರ ಈ ನಕಲು ಸರಿಹೋಗುತ್ತದೆ. ಕರಾವಳಿಗೆ ಹೋದಾಗ ಲಾಗ್ ತೆಗೆದು ನಿಜವಾದ ಸಂಖ್ಯೆ ತುಂಬಿ.

ಹೆಜ್ಜೆ 6: ಟೈಮಿಂಗ್

ಇಂಧನ ತಪ್ಪಿದರೆ ಎಂಜಿನ್ ಮೊದಲೇ ಸೂಚನೆ ಕೊಡುತ್ತದೆ, ಟೈಮಿಂಗ್ ತಪ್ಪಿದರೆ ಎಷ್ಟೋ ಸಲ ಕೊಡುವುದಿಲ್ಲ. ಪೂರ್ತಿ ಲೋಡಿನಲ್ಲಿ 1500 ಆರ್‌ಪಿಎಂಗೆ 8ರಿಂದ 10 ಡಿಗ್ರಿ, 4500ರ ಹೊತ್ತಿಗೆ 24ರಿಂದ 26, ಹಗುರ ಲೋಡಿನಲ್ಲಿ 30ರಿಂದ 34. ಕಂಪ್ರೆಷನ್ ಹೆಚ್ಚಿಸದ ಎಂಜಿನ್‌ಗೆ ಇಲ್ಲಿಂದ ಶುರು ಮಾಡಬಹುದು. ಡೈನೊ ಮೇಲೆ ಒಂದೊಂದೇ ಡಿಗ್ರಿ ಮುಂದೆ ತಂದು ಟಾರ್ಕ್ ನೋಡಿ. ಹೆಚ್ಚಾಗುವುದು ನಿಂತಿತೆಂದರೆ ಎರಡು ಡಿಗ್ರಿ ಹಿಂದಕ್ಕೆ ಬಂದು ಅಲ್ಲೇ ಬಿಡಿ. ನಾಕಿಂಗ್ (ಮಿಶ್ರಣ ತಾನಾಗಿಯೇ ಸಿಡಿದು ಬರುವ ಬಡಿತ) ಕೇಳಲು ಬ್ಲಾಕ್‌ಗೆ ಮೈಕ್ ಅಥವಾ ನಾಕ್ ಸೆನ್ಸರ್ ಕಟ್ಟಿ ಹೆಡ್‌ಫೋನ್ ಹಾಕಿಕೊಳ್ಳಿ. ಹೆಲ್ಮೆಟ್‌ನೊಳಗೆ, ಖಾಲಿ ಬಾಡಿಯ ಸದ್ದಿನಲ್ಲಿ ಬರೀ ಕಿವಿಗೆ ಅದು ಕೇಳುವುದಿಲ್ಲ. ಡೈನೊ ಇಲ್ಲದಿದ್ದರೆ ಮೇಲಿನ ಸಂಖ್ಯೆಗಳಲ್ಲೇ ನಿಲ್ಲಿ. ಒಂದೆರಡು ಅಶ್ವಶಕ್ತಿ ಹೋದರೆ ಹೋಗಲಿ.

ಎಥನಾಲ್ ನಾಕಿಂಗ್ ತಡೆಯುತ್ತದೆ ಎಂಬುದು ನಿಜ. ಆದರೆ ಆ ಭರವಸೆಯ ಮೇಲೆ ಟೈಮಿಂಗ್ ಮುಂದೆ ತರಬೇಡಿ. ಮುಂದಿನ ಬಂಕ್‌ನಲ್ಲಿ ಏನು ಸಿಗುತ್ತದೋ ನಿಮ್ಮ ಕೈಯಲ್ಲಿಲ್ಲ.

ಹೆಜ್ಜೆ 7: ಉಳಿದದ್ದು

ಈಗ ಎಕ್ಸಲರೇಷನ್ ಎನ್‌ರಿಚ್‌ಮೆಂಟ್ ಆನ್ ಮಾಡಿ. ಪೆಡಲ್ ಒಮ್ಮೆಲೇ ಒತ್ತಿದಾಗ ಎಂಜಿನ್ ತಡವರಿಸಿ ಲ್ಯಾಂಬ್ಡಾ ಮೇಲೆ ಹಾರಿದರೆ ಹೆಚ್ಚಿಸಿ, ಸೈಲೆನ್ಸರ್‌ನಿಂದ ಕಪ್ಪು ಹೊಗೆ ಬಂದು ಲ್ಯಾಂಬ್ಡಾ 0.75ಕ್ಕೆ ಬಿದ್ದರೆ ತಗ್ಗಿಸಿ. ಆಮೇಲೆ ಕ್ಲೋಸ್ಡ್ ಲೂಪ್, ಅದೂ ನಿಧಾನದ ಓಟಕ್ಕೆ ಮಾತ್ರ, ತಿದ್ದುಪಡಿಯ ಮಿತಿ ಶೇ 5ಕ್ಕೆ ಕಟ್ಟಿ. ಅದು ಸದಾ ಒಂದೇ ಕಡೆಗೆ ಮಿತಿ ಮುಟ್ಟುತ್ತಿದ್ದರೆ ಮಿತಿ ಹೆಚ್ಚಿಸಬೇಡಿ, ಹೆಜ್ಜೆ 1 ಮತ್ತು 3ಕ್ಕೆ ಹಿಂತಿರುಗಿ ಏನು ಬದಲಾಗಿದೆ ನೋಡಿ. ಎಷ್ಟೋ ಸಲ ಅದು ಕಟ್ಟಿಕೊಂಡ ಪೆಟ್ರೋಲ್ ಫಿಲ್ಟರ್ ಆಗಿರುತ್ತದೆ.

ಬದಲಾವಣೆ ಮಾಡಿದಾಗಲೆಲ್ಲ ಬರ್ನ್ (ಇಸಿಯುವಿನಲ್ಲಿ ಉಳಿಸುವ ಗುಂಡಿ) ಒತ್ತಿ, ಇಲ್ಲವಾದರೆ ಇಗ್ನಿಷನ್ ಆರಿಸಿದ ಕೂಡಲೇ ಎಲ್ಲ ಅಳಿಸಿಹೋಗುತ್ತದೆ. ಪ್ರತಿ ದಿನದ ಟ್ಯೂನ್ ಫೈಲನ್ನು ಬೇರೆ ಹೆಸರಿನಲ್ಲಿ ಉಳಿಸಿ, ಹೆಸರಿನಲ್ಲೇ ದಿನಾಂಕ, ಊರು, ಇಂಧನ ಬರೆಯಿರಿ, ಆ ದಿನದ ಲಾಗ್‌ಗಳನ್ನು ಅದೇ ಫೋಲ್ಡರ್‌ನಲ್ಲಿಡಿ. ಕೊನೆಯದಾಗಿ ಸರಿಯಾಗಿ ಓಡಿದ ಫೈಲ್ ಮತ್ತು ಇಸಿಯುವಿನಲ್ಲಿರುವ ಫರ್ಮ್‌ವೇರ್‌ನ ಆವೃತ್ತಿ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕಿ ಗಾಡಿಯಲ್ಲೇ ಇಟ್ಟಿರಿ. ರ‍್ಯಾಲಿಯ ಸರ್ವಿಸ್ ಪಾರ್ಕ್‌ನಲ್ಲಿ ಬೋರ್ಡ್ ಬದಲಿಸಬೇಕಾಗಿ ಬಂದರೆ ಬೇರೆಯವರ ಲ್ಯಾಪ್‌ಟಾಪ್‌ನಿಂದಲೂ ಅದನ್ನು ತುಂಬಬಹುದು.